ಎರಡನೇ ಮಹಡಿಯ ಬೀಗದ ಮನೆ

ಆ ಮನೆಯ ಮುಂದೆ ನಾನು ಮೊದಲು ಹೋಗಿ ಕೂತದ್ದು ಕೊಳ್ಳಲು ಬಂದವಳಾಗಿ ಅಲ್ಲ, ಸಿಗ್ನಲ್ ಹುಡುಕಿಕೊಂಡು ಬಂದವಳಾಗಿ. ದಸರಾ ರಜೆಯಲ್ಲಿ ನಮ್ಮಂಥ ಮೇಷ್ಟರು, ಟೀಚರುಗಳನ್ನೆಲ್ಲ ಮನೆಮನೆ ಗಣತಿಗೆ ಹಚ್ಚಿದ್ದರು. ನನ್ನ ಪಾಲಿಗೆ ಬಂದದ್ದು ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ, ಹೊಳೆಯ ಕಡೆಗೆ ಇಳಿಯುವ ಒಂದು ಓಣಿ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರು ಹುಬ್ಬು ಹಾರಿಸುತ್ತಾರೆ, ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಷ್ಟು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಿದವಳ ಹತ್ತಿರ ಇನ್ನೇನು ಉಳಿದಿರುತ್ತದೆ?

ಓಣಿಯ ಬಾಯಲ್ಲೇ ಒಂದು ಬಾರ್, ಅದರ ಎದುರು ಒಂದು ಟೀ ಹೋಟೆಲ್. ಮೆರವಣಿಗೆ ಇದ್ದ ದಿನ ಅಲ್ಲಿ ಪೊಲೀಸ್ ವ್ಯಾನು ಬಂದು ನಿಲ್ಲುತ್ತದೆ. ಉಳಿದ ದಿನ ಅದೇ ಜಾಗದಲ್ಲಿ ನಾಯಿಗಳು ಮಲಗಿರುತ್ತವೆ. ಸಂಜೆಯಾದ ಮೇಲೆ ಆಟೋದವರು ಒಳಗೆ ಬರುವುದಿಲ್ಲ, ಬಜಾರಿನಲ್ಲೇ ಇಳಿಸಿಬಿಡುತ್ತಾರೆ. ಆ ಓಣಿಯ ಹೆಸರು ಪೇಪರಿನಲ್ಲಿ ಬಂದದ್ದು ಯಾವತ್ತೂ ಒಳ್ಳೆಯ ಸುದ್ದಿಗಲ್ಲ. ಶಂಕರಘಟ್ಟದ ಕಡೆಯ ನಮ್ಮ ಶಾಲೆಯ ಟೀಚರುಗಳೆಲ್ಲ ಬಸ್ಸಿನಲ್ಲಿ ನನ್ನ ಮುಖ ನೋಡಿ ಲೊಚಗುಟ್ಟಿದರು. ಒಬ್ಬರೂ ಅದಲುಬದಲು ಮಾಡಿಕೊಳ್ಳೋಣ ಅನ್ನಲಿಲ್ಲ.

ಗಣತಿ ಅಂದರೆ ಮೊಬೈಲಿನಲ್ಲಿ ರಾಶಿ ಪ್ರಶ್ನೆಗಳು. ಅವನ್ನು ತುಂಬಿ ಕಳಿಸಬೇಕಾದರೆ ಸಿಗ್ನಲ್ ಬೇಕು. ಆ ಇಕ್ಕಟ್ಟು ಓಣಿಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಒಂದೇ ಕಡೆ, ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ. ಅಪಾರ್ಟ್‌ಮೆಂಟ್ ಅನ್ನುವುದು ದೊಡ್ಡ ಮಾತಾಯಿತು. ಮೂರು ಅಂತಸ್ತು, ಅಂತಸ್ತಿಗೆ ಎರಡು ಮನೆ, ಲಿಫ್ಟ್ ಇಲ್ಲ, ಗೋಡೆಯ ಸುಣ್ಣ ಕೈಗೆ ಹತ್ತುತ್ತದೆ. ಎರಡನೇ ಮಹಡಿಯ ಒಂದು ಮನೆಗೆ ಬೀಗ ಬಿದ್ದಿತ್ತು. ಅದರ ಮುಂದಿನ ಮೆಟ್ಟಿಲ ಮೇಲೆ ಕೂತು, ಮೊಬೈಲನ್ನು ಜಾಲಂಧ್ರಕ್ಕೆ ಒರಗಿಸಿ, ನಾನು ಹತ್ತು ದಿನ ಫಾರಮ್ಮು ಕಳಿಸಿದೆ. ಜಾಲಂಧ್ರದಾಚೆ ಹಂಚಿನ ಮಾಡುಗಳು, ಅವುಗಳ ಸಂದಿಯಲ್ಲಿ ತುಂಗೆಯ ಒಂದು ಚೂರು. ಮಧ್ಯಾಹ್ನ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಫಾರಮ್ಮು ಹೋದ ಮೇಲೂ ನಾನು ಹತ್ತು ನಿಮಿಷ ಸುಮ್ಮನೆ ಕೂತಿರುತ್ತಿದ್ದೆ. ನೆಲಮಹಡಿಯ ಹೂ ಕಟ್ಟುವ ಹೆಂಗಸು ಇದನ್ನು ನೋಡಿ ಮೂರನೆಯ ದಿನ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಹೋದಳು.

ಬೀಗ ಹಾಕಿದ ಮನೆಗೂ ಒಂದು ನಿಯಮ ಇತ್ತು. ಮೂರು ಸಲ ಹೋಗಿ ನೋಡಬೇಕು, ಮೂರು ಸಲವೂ ‘ಬೀಗ ಹಾಕಿದೆ’ ಎಂಬ ಗುಂಡಿ ಒತ್ತಬೇಕು. ಅದರ ಬಾಗಿಲಿಗೇ ಬೆನ್ನು ಕೊಟ್ಟು ಕೂತವಳು ನಾನು. ಮೂರನೆಯ ಸಲ ಒತ್ತುವಾಗ ಯಾಕೋ ಕೈ ಬರಲಿಲ್ಲ. ಇದರ ಮಾಲೀಕರು ಎಲ್ಲಿದ್ದಾರೆ ಎಂದು ಕೆಳಗೆ ಹೋಗಿ ಹೂವಿನಾಕೆಯನ್ನು ಕೇಳಿದೆ. ಮಂಗಳೂರಿನಲ್ಲಿದ್ದಾರೆ, ಮಾರೋಕೆ ಇಟ್ಟಿದ್ದಾರೆ, ಆದರೆ ಈ ಓಣಿಗೆ ಯಾರು ಬರ್ತಾರೆ ಟೀಚರ್ ಎಂದು ಅವಳು ಹೂವಿನ ಕಡೆಗೇ ನೋಡುತ್ತ ಹೇಳಿದಳು.

ಅದೇ ವಾರ ನಮ್ಮ ಮನೆಗೂ ಗಣತಿ ಬಂತು. ನಮ್ಮ ಮನೆ ಅಂದರೆ ವಿನೋಬನಗರದಲ್ಲಿರುವ ನನ್ನ ಅಣ್ಣನ ಮನೆ. ಅಣ್ಣ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದು ಫೋರ್‌ಮನ್ ಆಗಿ ನಿವೃತ್ತನಾದವನು. ಮದುವೆಯಾಗದ ನಾನು ಅವನ ಮನೆಯ ಮಹಡಿ ಕೋಣೆಯಲ್ಲಿ ಇದ್ದೆ. ಬಂದ ಮೇಷ್ಟರು ಪರಿಚಯದವರೇ. ಕಾಫಿ ಕುಡಿಯುತ್ತ ಕೇಳಿದರು, ಅಣ್ಣ ಉತ್ತರ ಕೊಟ್ಟ. ಕುಟುಂಬದ ಮುಖ್ಯಸ್ಥರು, ಅಣ್ಣ. ಹೆಂಡತಿ, ಅತ್ತಿಗೆ. ಆಮೇಲೆ ನಾನು. ‘ಮುಖ್ಯಸ್ಥರೊಂದಿಗೆ ಸಂಬಂಧ’ ಎಂದು ಮೇಷ್ಟರು ತಮ್ಮಷ್ಟಕ್ಕೇ ಓದಿಕೊಂಡು, ‘ತಂಗಿ’ ಎಂದು ಒತ್ತಿ ಮುಂದಿನ ಪ್ರಶ್ನೆಗೆ ಹೋದರು. ತಪ್ಪೇನೂ ಇರಲಿಲ್ಲ. ನಾನೇ ಆ ಓಣಿಯಲ್ಲಿ ಎಷ್ಟು ಜನ ತಂಗಿಯರನ್ನು, ಅತ್ತೆಯರನ್ನು, ವಿಧವೆ ಸೊಸೆಯರನ್ನು ಹಾಗೇ ಒತ್ತಿ ಕಳಿಸಿದ್ದೆ. ಒಬ್ಬಳೇ ಇದ್ದ ಬಳೆಗಾರ ಮುದುಕಿಯನ್ನು ಮುಖ್ಯಸ್ಥೆ ಎಂದು ಒತ್ತಿದಾಗ ಆಕೆ ಸೆರಗು ಸರಿಮಾಡಿಕೊಂಡು ಕೂತದ್ದು ನೆನಪಾಯಿತು. ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಐವತ್ತಮೂರು ವರ್ಷಕ್ಕೆ ನನಗೆ ಹೊಟ್ಟೆಕಿಚ್ಚು ಬಂದದ್ದು ಒಬ್ಬ ಬಳೆಗಾರ ಮುದುಕಿಯ ಮೇಲೆ.

ಅತ್ತಿಗೆ ಕೆಟ್ಟವಳಾಗಿದ್ದರೆ ಎಲ್ಲ ಸಲೀಸಾಗಿರುತ್ತಿತ್ತು. ಕೆಟ್ಟವಳಲ್ಲ, ಅದೇ ಕಷ್ಟ. ನಾನು ಬಸ್ಸಿಳಿದು ಬರುವಷ್ಟರಲ್ಲಿ ರೊಟ್ಟಿ ಬಿಸಿ ಇಟ್ಟಿರುತ್ತಾಳೆ. ಆದರೆ ಪ್ರತಿವರ್ಷ ಗೌರಿ ಹಬ್ಬದ ಮುಂಚೆ ಚನ್ನಗಿರಿಯಿಂದ ಅವಳ ತಮ್ಮ ಬರುತ್ತಾನೆ, ಅಕ್ಕನನ್ನು ಹಬ್ಬಕ್ಕೆ ಕರೆಯಲು. ಬಾಗಿಲಲ್ಲಿ ನಿಂತು ಕುಂಕುಮ ಕೊಟ್ಟು ‘ಬಾಕ್ಕ, ಹಬ್ಬಕ್ಕೆ’ ಅನ್ನುತ್ತಾನೆ. ಫೋನಿನಲ್ಲಿ ಕರೆದರೆ ಲೆಕ್ಕಕ್ಕಿಲ್ಲ, ಬಂದೇ ಕರೆಯಬೇಕು. ಆ ದಿನ ಅತ್ತಿಗೆಯ ನಡಿಗೆಯೇ ಬೇರೆ. ಅವನಿಗೆ ಕಾಫಿ ಮಾಡಿ ಕೊಡುವವಳು ನಾನು. ತವರಿನಲ್ಲೇ ಉಳಿದವಳನ್ನು ಯಾರು, ಎಲ್ಲಿಗೆ ಕರೆಯುತ್ತಾರೆ?

ಮನೆ ಕೊಳ್ಳುವ ಮಾತನ್ನು ನಾನು ಊಟದ ಹೊತ್ತಿಗೆ ಎತ್ತಿದೆ. ಯಾವ ಜಾಗ ಎಂದು ಅಣ್ಣ ಕೇಳಿದ. ಹೇಳಿದೆ. ಅವನು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, ‘ಆ ಜಾಗದಲ್ಲಾ?’ ಅಂದ. ಅಷ್ಟೇ. ಮುಂದಿನ ಒಂದು ವಾರ ಅವನ ಪರವಾಗಿ ಅತ್ತಿಗೆ ಮಾತಾಡಿದಳು. ಗೋಪಾಳದ ಕಡೆ ನೋಡಬಹುದಲ್ಲ, ನಿನ್ನ ದುಡ್ಡಿಗೆ ಅಲ್ಲಿ ಸಿಗದಿದ್ದರೆ ಇಲ್ಲೇ ಇರು, ಇಲ್ಲಿ ನಿನಗೇನು ಕಡಿಮೆಯಾಗಿದೆ ಎಂದು ಕೇಳಿದಳು. ಏನೂ ಕಡಿಮೆಯಾಗಿಲ್ಲ ಎಂದು ನಾನೂ ಒಪ್ಪಿದೆ. ಒಪ್ಪಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಕೊನೆಗೆ ಒಂದು ದಿನ ಬಾಯಿಗೆ ಬಂದದ್ದು ಆಡಿಬಿಟ್ಟೆ. ಭದ್ರಾವತಿಯಲ್ಲಿ ಕಾರ್ಖಾನೆಯ ಆಚೆ ಬದಿಯ ಸಾಲುಮನೆಯಲ್ಲಿ ಇದ್ದವರು ನಾವು, ವಿನೋಬನಗರಕ್ಕೆ ಬಂದ ತಕ್ಷಣ ಎಲ್ಲ ಮರೆತುಹೋಯಿತಾ, ನಾಲ್ಕು ಜನ ‘ನಿಮ್ಮ ತಂಗಿ ಎಲ್ಲಿದ್ದಾರೆ’ ಅಂತ ಕೇಳಿದರೆ ಹೇಳೋಕೆ ನಾಚಿಕೆಯಾ ಎಂದು ಕೇಳಿದೆ. ಅಣ್ಣ ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಊಟ ಬಿಟ್ಟು ಎದ್ದವನಲ್ಲ ಅವನು, ಅಪ್ಪ ಸತ್ತ ವಾರದಲ್ಲೂ ಎದ್ದಿರಲಿಲ್ಲ. ನನ್ನ ನಾಲಗೆಗೆ ಇಷ್ಟು ಬೆಂಕಿ ಬೀಳಲಿ ಅಂದುಕೊಂಡು ಮಹಡಿ ಹತ್ತಿದೆ.

ಆ ಸಾಲುಮನೆಯ ವಿಚಾರ ಇಲ್ಲಿ ಹೇಳಬೇಕು. ಅಪ್ಪ ಕಾರ್ಖಾನೆಯಲ್ಲಿದ್ದಾಗಲೇ ತೀರಿಕೊಂಡರು. ಕ್ವಾರ್ಟರ್ಸ್ ಬಿಡಬೇಕಾಯಿತು. ಅಪ್ಪನ ಕೆಲಸ ಅಣ್ಣನಿಗೆ ಸಿಕ್ಕಿತು, ಅವನಿಗೆ ಆಗ ಇಪ್ಪತ್ತಮೂರು. ಅವನೇ ಓಡಾಡಿ ಆಚೆ ಬದಿಯಲ್ಲಿ ಎರಡು ಕೋಣೆಯ ಮನೆ ಕೊಂಡ. ಎಡಕ್ಕೆ ತಮಿಳರು, ಬಲಕ್ಕೆ ತೆಲುಗರು, ಎದುರಿಗೆ ಸಾರಾಯಿ ಅಂಗಡಿ. ಸಂಬಳದ ದಿನ ಅಲ್ಲಿ ಹೊಡೆದಾಟ ಆಗದಿದ್ದರೆ ಜನ ‘ಇವತ್ತೇನಾಯಿತು’ ಎಂದು ವಿಚಾರಿಸುತ್ತಿದ್ದರು. ಶಿವಮೊಗ್ಗದವರು ಆ ಜಾಗದ ಹೆಸರನ್ನು ಈಗ ಈ ಓಣಿಯ ಹೆಸರು ಹೇಳುವ ಹಾಗೇ ಹೇಳುತ್ತಿದ್ದರು. ನನ್ನನ್ನು ನೋಡಲು ತರೀಕೆರೆಯಿಂದ ಗಂಡಿನ ಕಡೆಯವರು ಬಂದು, ಒಪ್ಪಿ, ಹೊರಗೆ ಬಂದಾಗ ಎದುರಿನ ಹೊಡೆದಾಟ ನೋಡಿ, ಆ ಜಾಗದ ಹುಡುಗಿ ಬೇಡ ಎಂದು ಹೇಳಿಕಳಿಸಿದರು. ಆಮೇಲೆ ಬಂದವರೆಲ್ಲ ಮೊದಲು ವಿಳಾಸ ಕೇಳುತ್ತಿದ್ದರು. ಅಷ್ಟರಲ್ಲಿ ನನಗೆ ಶಾಲೆಯ ಕೆಲಸ ಸಿಕ್ಕಿತು, ಅಮ್ಮ ಹಾಸಿಗೆ ಹಿಡಿದಳು, ಗಂಡು ನೋಡುವುದು ತಾನಾಗಿ ನಿಂತಿತು. ಅಣ್ಣ ಆ ಮನೆ ಮಾರಿ ವಿನೋಬನಗರಕ್ಕೆ ಬಂದಾಗ ನನಗೆ ನಲವತ್ತೊಂದು. ಈ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಣ್ಣ ಮರೆತಿದ್ದಾನೆ ಎಂದೇ ನಾನು ತಿಳಿದಿದ್ದೆ.

ಮನೆಯ ಒಳಗೆ ನೋಡಲು ಹೋದ ದಿನ ಓಣಿಯಲ್ಲಿ ತಮಾಷೆ ಆಯಿತು. ಅದೇ ಕಾಟನ್ ಸೀರೆ, ಅದೇ ಕೈಚೀಲ. ನನ್ನನ್ನು ಕಂಡ ಕೂಡಲೇ ನಾಲ್ಕು ಮನೆಯವರು ಆಧಾರ್ ಕಾರ್ಡು, ರೇಷನ್ ಕಾರ್ಡು ಹಿಡಿದು ಬಾಗಿಲಿಗೆ ಬಂದರು. ಗಣತಿ ಮುಗಿದಿದೆ, ಒಳಗೆ ಹೋಗಿ ಅಂದರೂ ನಂಬಲಿಲ್ಲ. ಹೂವಿನಾಕೆ ಮಾತ್ರ ಕಾರ್ಡು ತರಲಿಲ್ಲ. ಮಾಲೆಯನ್ನು ಬುಟ್ಟಿಗೆ ಹಾಕಿ, ನನ್ನನ್ನು ಮೆಟ್ಟಿಲ ಕೆಳಗೆ ಕರೆದು, ಅವತ್ತು ಸುಳ್ಳು ಬರೆಸಿದೆ ಟೀಚರ್ ಎಂದು ತಲೆ ತಗ್ಗಿಸಿದಳು. ಮುಖ್ಯಸ್ಥ ಎಂದು ಅವಳು ಬರೆಸಿದ್ದ ಗಂಡ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷ ಆಗಿತ್ತಂತೆ. ಅದು ಗೊತ್ತಾಗಿ ನಾನು ವಾಪಸ್ ಬಂದಿದ್ದೇನೆ ಎಂದು ಅವಳು ತಿಳಿದಿದ್ದಳು. ಇಲ್ಲ ಕಣಮ್ಮಾ, ಮೇಲಿನ ಮನೆ ಕೊಳ್ಳೋಕೆ ಬಂದೆ ಅಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ಮೇಲೆ ಒಂದು ಮನೆಗೆ ಮುಖ್ಯಸ್ಥರೇ ಬಂದಿಲ್ಲ, ಕೆಳಗೆ ಇರುವವನು ಓಡಿಹೋಗಿದ್ದಾನೆ, ಒಳ್ಳೇ ಗಣತಿ ಮಾಡಿದೆವು ಎಂದು ನಾನೂ ನಕ್ಕೆ.

ಅವಳು ಓಣಿಯ ಬಗ್ಗೆ ಬಣ್ಣ ಹಚ್ಚಿ ಹೇಳಲಿಲ್ಲ. ಬಾರಿನ ಕಡೆಯಿಂದ ಸಂಜೆ ಬೈಗುಳ ಕೇಳಿಸುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ವರ್ಷಕ್ಕೆ ಒಂದೆರಡು ಸಲ ಕಲ್ಲು ಬೀಳುವ ಹಾಗೆ ಆಗುತ್ತದೆ. ‘ಶಟರ್ ಎಳೆಯೋ ಸದ್ದು ಒಂದರ ಹಿಂದೆ ಒಂದು ಬಂತು ಅನ್ನಿ, ಮೊದ್ಲು ನೀರು ತುಂಬಿಸ್ಕೊಳ್ಳಿ, ಆಮೇಲೆ ಬಾಗ್ಲು ಹಾಕ್ಕೊಳ್ಳಿ,’ ಅಂದಳು. ‘ಎಲ್ರೂ ಬಾಗ್ಲೇ ಮೊದ್ಲು ಹಾಕ್ತಾರೆ. ಆಮೇಲೆ ನೀರಿಗೆ ಒದ್ದಾಡ್ತಾರೆ.’ ಮನೆ ತೋರಿಸಲು ಬಂದಿದ್ದ ದಲ್ಲಾಳಿ ಈ ಮಾತಿಗೆ ಮುಖ ಹಿಂಡಿದ. ನನಗೆ ಅವಳ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ದಲ್ಲಾಳಿ ಇನ್ನೊಂದು ಮಾತು ಹೇಳಿದ. ಬಜಾರಿನ ಬಟ್ಟೆ ವ್ಯಾಪಾರಿ ಒಬ್ಬರು ಆ ಮನೆಯನ್ನು ಗೋಡೌನ್ ಮಾಡಲು ಕೇಳಿದ್ದಾರೆ, ನಿಮಗೆ ಒಂದು ತಿಂಗಳು ಟೈಮು, ಆಮೇಲೆ ಅವರಿಗೇ. ಸಾಲಕ್ಕೆ ಬ್ಯಾಂಕು ಒಪ್ಪಿತ್ತು. ಕಾಗದಪತ್ರ ನೋಡಿದ ವಕೀಲರು ಸರಿಯಿದೆ ಅಂದಿದ್ದರು. ಅಣ್ಣನ ಒಂದು ಹೂಂ ಮಾತ್ರ ಬಾಕಿ. ಯಾರಪ್ಪನ ಹಂಗು, ನನ್ನ ಸಂಬಳ, ನನ್ನ ಮನೆ ಎಂದು ಬಸ್ಸಿನಲ್ಲಿ ದಿನಾ ಅಂದುಕೊಳ್ಳುತ್ತಿದ್ದೆ. ಆದರೆ ಒಳಗಿನ ಮಾತು ಬೇರೆ ಇತ್ತು. ಅವನನ್ನು ಮೀರಿ ಕೊಂಡರೆ ಅವನು ಆ ಮೆಟ್ಟಿಲು ಹತ್ತುವುದಿಲ್ಲ. ಅವನು ಬರದ ಮನೆಯಲ್ಲಿ ನಾನು ಮುಖ್ಯಸ್ಥೆಯಾಗಿ ಕೂತು ಏನು ಮಾಡಲಿ? ನನಗೆ ಇರುವವನು ಅವನೊಬ್ಬ. ಆ ತಿಂಗಳು ನಾನು ಸರಿಯಾಗಿ ಊಟ ಮಾಡಲಿಲ್ಲ, ಬೋರ್ಡಿನ ಮೇಲೆ ಸುಲಭದ ಲೆಕ್ಕ ತಪ್ಪಿ ಮಕ್ಕಳಿಂದ ಹೇಳಿಸಿಕೊಂಡೆ.

ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಭಾನುವಾರ. ಅಣ್ಣ ಎಂದಿನಂತೆ ಬೆಳಿಗ್ಗೆಯೇ ಹಳೆಯ ಸ್ನೇಹಿತರನ್ನು ನೋಡಿ ಬರುತ್ತೇನೆ ಎಂದು ಭದ್ರಾವತಿಗೆ ಹೊರಟುಹೋಗಿದ್ದ. ನಾಲ್ಕು ವಾರದಿಂದ ಇದೇ ನಡೆದಿತ್ತು, ನನ್ನ ಮುಖ ನೋಡಲಾರದೆ ಹೋಗುತ್ತಾನೆ ಎಂದು ನಾನು ತಿಳಿದಿದ್ದೆ. ಇನ್ನೊಮ್ಮೆ ಮನೆ ನೋಡಿ ಮನಸ್ಸು ಗಟ್ಟಿ ಮಾಡಿಕೊಳ್ಳೋಣ ಎಂದು ನಾನೂ ಬಜಾರಿನ ಕಡೆ ನಡೆದೆ. ಓಣಿಯ ಬಾಯಿಯವರೆಗೆ ಸುತ್ತದೆ, ಹತ್ತಿರವಾಗುತ್ತದೆಂದು ಎಡಗಡೆಯ ಸಂದಿಯಿಂದ ಒಳಗೆ ಹೋದೆ. ಓಣಿ ತಣ್ಣಗಿತ್ತು. ಬೈಗುಳ ಇಲ್ಲ, ಬಾರಿನ ಮುಂದೆ ನಿಲ್ಲುವ ಗುಂಪು ಇಲ್ಲ. ಎಲ್ಲಿ ಹೋದರು ಎಲ್ಲ ಎಂದು ಹೂವಿನಾಕೆಯನ್ನು ಕೇಳಿದೆ.

‘ಮಫ್ತಿ ಪೊಲೀಸ್ ಹಾಕಿದಾರೆ ಟೀಚರ್,’ ಎಂದು ಅವಳು ದನಿ ಇಳಿಸಿದಳು. ‘ನಾಲ್ಕು ಭಾನುವಾರದಿಂದ ಟೀ ಹೋಟ್ಲಲ್ಲಿ ಬಂದು ಕೂರ್ತಾನೆ. ಬೆಳಿಗ್ಗೆ ಕೂತ್ರೆ ಸಂಜೆಗೇ ಏಳೋದು. ಪುಸ್ತಕದಲ್ಲಿ ಬರ್ಕೊಳ್ತಾನೆ. ಹುಡುಗ್ರೆಲ್ಲ ಆ ಕಡೆ ಸುಳೀತಿಲ್ಲ.’

ಒಳ್ಳೆಯದೇ ಆಯಿತು, ಯಾರಪ್ಪ ಅದು ಎಂದು ಓಣಿಯ ಬಾಯಿಯವರೆಗೆ ಹೋಗಿ ಇಣುಕಿದೆ. ಬೆಂಚಿನ ತುದಿಯಲ್ಲಿ ಒಬ್ಬ ಮನುಷ್ಯ ನೆಟ್ಟಗೆ ಕೂತಿದ್ದ. ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು, ಪೊದೆ ಮೀಸೆ, ಖಾಕಿ ಬಣ್ಣದ ಪ್ಯಾಂಟು, ಪಾಲಿಶ್ ಮಾಡಿದ ಕಂದು ಬೂಟು. ಅಕ್ಕಪಕ್ಕದ ಬೆಂಚು ಖಾಲಿ. ಹೋಟೆಲಿನವನು ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಕೊಡುತ್ತಿದ್ದ. ಮೊದಲು ನನಗೆ ಗುರುತು ಸಿಗಲಿಲ್ಲ, ಯಾಕೆಂದರೆ ಆ ಹಣೆ ಬರಿದಾಗಿತ್ತು. ಸ್ನಾನ ಮಾಡಿ ವಿಭೂತಿ ಹಚ್ಚದೆ ಅಣ್ಣ ಬಾಗಿಲು ದಾಟಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಎಲ್ಲ ಥರದ ಜನ ಇರುವ ಓಣಿ, ತಾನು ಎದ್ದು ಕಾಣಬಾರದು ಎಂದು ಬರುವ ದಾರಿಯಲ್ಲಿ ಎಲ್ಲೋ ಅದನ್ನು ಒರೆಸಿಕೊಂಡಿದ್ದ. ಅಷ್ಟು ಮಾಡಿ ಬೂಟು ಪಾಲಿಶ್ ಮಾಡಿಕೊಂಡು ಬಂದಿದ್ದಾನಲ್ಲ ಈ ಪುಣ್ಯಾತ್ಮ ಎಂದು ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಹೋಗಿ ಎದುರಿಗೆ ಕೂತೆ. ಅವನು ಬೆಚ್ಚಿದ, ಆಮೇಲೆ ಇನ್ನೊಂದು ಟೀ ಹೇಳಿದ. ಪುಸ್ತಕ ಕೊಡು ಅಂದೆ. ಕೊಟ್ಟ. ಕಾರ್ಖಾನೆಯಲ್ಲಿ ಪಾಳಿ ಮುಗಿದಾಗ ಬರೆಯುತ್ತಿದ್ದ ಹಾಗೇ ಬರೆದಿದ್ದ. ಫಸ್ಟ್ ಶಿಫ್ಟ್: ನೀರು ಬಂತು, ಸಾಲಿನಲ್ಲಿ ಜಗಳ ಇಲ್ಲ. ಹಾಲಿನವನು ಒಳಗೆ ಬರುತ್ತಾನೆ. ಹೆಂಗಸರು ಒಬ್ಬರೇ ಓಡಾಡುತ್ತಾರೆ. ಸೆಕೆಂಡ್ ಶಿಫ್ಟ್: ಬಾರ್ ಮುಂದೆ ಗುಂಪು ಇಲ್ಲ. ಕೂಗಾಟ ಇಲ್ಲ. ನಾಲ್ಕು ಭಾನುವಾರದ್ದೂ ಹಾಗೇ. ಕೊನೆಯ ಪುಟದಲ್ಲಿ, ‘ಥರ್ಡ್ ಶಿಫ್ಟ್ ನೋಡಿಲ್ಲ’ ಎಂದಿತ್ತು.

‘ಜನ ಹೇಳೋಷ್ಟು ಕೆಟ್ಟದಿಲ್ಲ ಮಾರಾಯ್ತಿ,’ ಅಂದ. ಆ ಮುಖದಲ್ಲಿ ತಿಂಗಳಿಂದ ಕಾಣದ ಸಮಾಧಾನ ಇತ್ತು. ‘ನಾನು ಹೆದರಿದ್ದು ಸುಮ್ನೆ. ತಗೋ.’

ಬೇಕಾಗಿದ್ದ ಹೂಂ ಬಂದಿತ್ತು. ಬಾಯಿ ಮುಚ್ಚಿಕೊಂಡು ಟೀ ಕುಡಿದಿದ್ದರೆ ಆಗಿತ್ತು. ಕುಡಿಯಲು ಪ್ರಯತ್ನವನ್ನೂ ಮಾಡಿದೆ. ಆದರೆ ಗೆರೆ ಹೊಡೆದು, ದಿನ ಹಾಕಿ, ಅಷ್ಟು ಮುತುವರ್ಜಿಯಿಂದ ಬರೆದ ಆ ಪುಸ್ತಕ ನನ್ನ ಕೈಯಲ್ಲಿತ್ತು, ಅದರಲ್ಲಿದ್ದ ಲೆಕ್ಕ ತಪ್ಪಾಗಿತ್ತು. ಬೇರೆ ಯಾರಿಗಾದರೂ ತಪ್ಪು ಲೆಕ್ಕ ಬಿಟ್ಟುಕೊಟ್ಟೇನು, ಇವನಿಗೆ ಹೇಗೆ ಬಿಡಲಿ? ಹೇಳಿಬಿಟ್ಟೆ. ನಿನ್ನನ್ನು ಮಫ್ತಿ ಪೊಲೀಸ್ ಅಂದುಕೊಂಡಿದ್ದಾರೆ, ನೀನು ಕೂತಿರುವುದರಿಂದಲೇ ಓಣಿ ತಣ್ಣಗಿರುವುದು, ಉಳಿದ ದಿನ ಇಲ್ಲಿ ಬೈಗುಳವೂ ಇದೆ, ಬಾಟಲಿಯೂ ಒಡೆಯುತ್ತದೆ ಎಂದೆ.

ಅವನು ಸುತ್ತ ನೋಡಿದ. ಖಾಲಿ ಬೆಂಚು ನೋಡಿದ, ತನ್ನ ಬೂಟು ನೋಡಿಕೊಂಡ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಪುಸ್ತಕ ತೆಗೆದುಕೊಂಡು ಜೇಬಿಗೆ ಹಾಕಿದ.

‘ಭದ್ರಾವತಿ ಮನೆ ನಾನು ಒಂದೇ ಮಧ್ಯಾಹ್ನ ನೋಡಿ ತಗೊಂಡೆ,’ ಅಂದ. ‘ಎಲ್ಲ ಕೆಲ್ಸಕ್ಕೆ ಹೋಗಿದ್ರು. ಬೀದಿ ಎಷ್ಟು ಶಾಂತವಾಗಿತ್ತು ಅಂದ್ರೆ, ಅಮ್ಮನಿಗೆ ಒಳ್ಳೇ ಜಾಗ ಸಿಕ್ತು ಅಂತ ಖುಷಿಪಟ್ಟೆ. ಸಂಬಳದ ದಿನ ಹೋಗಿ ನೋಡ್ಬೇಕಿತ್ತು. ನೋಡ್ಲಿಲ್ಲ. ಆ ವಿಳಾಸದಿಂದ ನಿನ್ನ ಮದ್ವೆ ಆಗ್ಲಿಲ್ಲ. ಈ ಸಲ ಸರಿಯಾಗಿ ನೋಡೋಣ ಅಂತ ಬಂದೆ. ಈ ಸಲಾನೂ ತಪ್ಪು ನೋಡ್ದೆ.’

ನಾನು ನಾಚಿಕೆಯಾ ಎಂದು ಕೇಳಿದ್ದು ಇವನನ್ನು. ಇಷ್ಟು ವರ್ಷ ಇವನು ಇದನ್ನು ಹೊತ್ತುಕೊಂಡಿದ್ದ, ಅದೇ ಮನೆಯಲ್ಲಿ ನಾನು ಇವನ ಎದುರಿಗೇ ಕೂತು ಊಟ ಮಾಡಿದ್ದೆ, ಗೊತ್ತಾಗಿರಲಿಲ್ಲ. ನಾನು ಅತ್ತರೆ ಅವನೂ ಅಳುತ್ತಾನೆ, ಮಫ್ತಿ ಪೊಲೀಸ್ ಅತ್ತ ಎಂದು ಓಣಿಯಲ್ಲಿ ಸುದ್ದಿಯಾಗುತ್ತದೆ. ಅದಕ್ಕೆ ಬೈದೆ. ಆ ತರೀಕೆರೆಯವನು ಉಪ್ಪಿಟ್ಟನ್ನು ಮೂರು ಸಲ ಹಾಕಿಸಿಕೊಂಡು ತಿಂದು ಆಮೇಲೆ ಜಾಗ ಸರಿಯಿಲ್ಲ ಅಂದ ಮನುಷ್ಯ, ಅವನ ಮನೆಯಲ್ಲಿ ನಾನು ಬಾಳಬೇಕಿತ್ತಾ ಎಂದೆ. ಪಕ್ಕದ ತಮಿಳು ಅಮ್ಮ ನನ್ನ ಜಡೆ ಹೆಣೆಯುತ್ತಿದ್ದುದು, ನನಗೆ ಟೈಫಾಯ್ಡ್ ಆದಾಗ ತೆಲುಗರ ಮನೆಯಿಂದ ಹದಿನೈದು ದಿನ ಗಂಜಿ ಬಂದದ್ದು, ಅಮ್ಮನನ್ನು ಆಸ್ಪತ್ರೆಗೆ ಒಯ್ಯುವಾಗ ಸಾರಾಯಿ ಅಂಗಡಿಯ ಮುಂದೆ ಬಿದ್ದಿರುತ್ತಿದ್ದವರೇ ಎದ್ದು ಬಂದು ಮಂಚ ಹೊತ್ತದ್ದು, ಎಲ್ಲ ನೆನಪು ಮಾಡಿಕೊಟ್ಟೆ.

‘ಅಣ್ಣ, ನಂಗೆ ಆ ಮನೆ ಇಷ್ಟ ಇತ್ತು,’ ಅಂದೆ. ‘ನೀನು ಅದನ್ನ ಮಾರಿದ ದಿನ ನಾನು ಅತ್ತಿದ್ದೆ.’

ಅವನು ನನ್ನನ್ನೇ ನೋಡಿದ. ‘ಹೇಳ್ಲೇ ಇಲ್ವಲ್ಲ ನೀನು,’ ಅಂದ. ನೀನೂ ಹೇಳಲಿಲ್ಲವಲ್ಲ ಅಂದೆ.

ಆಮೇಲೆ ಅವನು ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಎದ್ದು ನನ್ನ ಹಿಂದೆ ಮೆಟ್ಟಿಲು ಹತ್ತಿದ. ಹೂವಿನಾಕೆ ಅಷ್ಟರಲ್ಲಿ ಬುಟ್ಟಿ ಹೊತ್ತು ಬಜಾರಿಗೆ ಹೋಗಿದ್ದಳು. ಗೋಡೆ ತಟ್ಟಿ ನೋಡಿದ, ತಾರಸಿಗೆ ಹೋಗಿ ನೀರಿನ ಟ್ಯಾಂಕಿಗೆ ಕಿವಿ ಕೊಟ್ಟ, ಬಾಗಿಲ ಹತ್ತಿರ ಬಂದು ಕೀಲು ಅಲ್ಲಾಡಿಸಿ ‘ಇದೆಂಥ ಬಾಗ್ಲು’ ಎಂದು ಗೊಣಗಿದ. ಜಾಲಂಧ್ರದ ಮುಂದೆ ಸ್ವಲ್ಪ ಹೊತ್ತು ನಿಂತ. ಹೊಳೆಯ ಗಾಳಿ ಬರುತ್ತಿತ್ತು. ಮುಂದಿನ ಭಾನುವಾರ, ನಾನು ಮುಂಗಡ ಕೊಟ್ಟಾಗಿತ್ತು, ಅವನು ನಿಜವಾಗಿಯೂ ಭದ್ರಾವತಿಗೆ ಹೋದ. ಹಳೆಯ ಸ್ನೇಹಿತನ ವರ್ಕ್‌ಶಾಪಿನಲ್ಲಿ ಕೂತು ಒಂದು ಕಬ್ಬಿಣದ ಅಗುಳಿ ಮಾಡಿಸಿಕೊಂಡು ಬಂದ. ಅದನ್ನು ಎತ್ತಲು ನನಗೆ ಎರಡೂ ಕೈ ಬೇಕು. ಹಾಕಲು ಬಂದ ದಿನ ಅವನ ಹಣೆಯಲ್ಲಿ ವಿಭೂತಿ ಇತ್ತು. ಹೂವಿನಾಕೆ ನೋಡಿ, ‘ಅಯ್ಯೋ, ಪೊಲೀಸಪ್ಪ ನಿಮ್ಮ ಅಣ್ಣನಾ?’ ಎಂದು ಬುಟ್ಟಿ ಕೆಳಗಿಟ್ಟಳು. ಸಂಜೆಯ ಹೊತ್ತಿಗೆ ಸುದ್ದಿ ಬಾರಿನವರೆಗೂ ಹೋಗಿ, ಗುಂಪು ತನ್ನ ಜಾಗಕ್ಕೆ ಬಂದು ನಿಂತಿತು.

ಬೇಸಿಗೆ ರಜೆಯಲ್ಲಿ ಹಾಲು ಉಕ್ಕಿಸಿ ಆ ಮನೆಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಓಣಿ ನಾನು ಬಂದದ್ದಕ್ಕೆ ಬದಲಾಗಲಿಲ್ಲ. ಬೈಗುಳಗಳಲ್ಲಿ ನನಗೆ ಗೊತ್ತಿಲ್ಲದವು ಈಗ ಉಳಿದಿಲ್ಲ. ಒಂದು ಮಧ್ಯಾಹ್ನ ಶಟರುಗಳು ಒಂದರ ಹಿಂದೆ ಒಂದು ಬಿದ್ದವು. ಮೊದಲು ಕೊಡಗಳಿಗೆ ನೀರು ತುಂಬಿಸಿ, ಆಮೇಲೆ ಅಗುಳಿ ಹಾಕಿದೆ. ಹೂವಿನಾಕೆಯೂ ಬಳೆಗಾರ ಮುದುಕಿಯೂ ಅಷ್ಟರಲ್ಲೇ ನನ್ನ ಮನೆಗೆ ಬಂದು ಕೂತಿದ್ದರು. ಮೂವರೂ ಕೂತು ಒಂದು ಮೊಳವಲ್ಲ, ಒಂದು ಬುಟ್ಟಿ ಹೂ ಕಟ್ಟಿದೆವು. ಏನೂ ಆಗಲಿಲ್ಲ. ಆಗಬಹುದಿತ್ತು. ಅಣ್ಣ ಫೋನು ಮಾಡಿ ನೀರು ಇದೆಯಾ ಎಂದು ಕೇಳಿದ.

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ, ಸಂಜೆ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಬಾಗಿಲು ತಟ್ಟಿದರು. ತೆಗೆದರೆ ಅಣ್ಣ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹಣೆತುಂಬ ವಿಭೂತಿ, ಮೆಟ್ಟಿಲು ಹತ್ತಿ ಏದುಸಿರು. ಹಿಂದೆ ಅತ್ತಿಗೆ, ಕೈಯಲ್ಲಿ ಕುಂಕುಮದ ಬಟ್ಟಲು, ಮುಖದಲ್ಲಿ ತಡೆದುಕೊಂಡ ನಗು. ಒಳಗೆ ಬಾ ಅಂದೆ. ಬರಲಿಲ್ಲ, ಹೊಸಿಲ ಆಚೆಯೇ ನಿಂತ. ಚನ್ನಗಿರಿಯವನು ನಿಲ್ಲುವ ಹಾಗೇ ನಿಂತ.

‘ನಾಡಿದ್ದು ಗೌರಿ ಹಬ್ಬ,’ ಅಂದ. ದನಿ ಗಟ್ಟಿಯಾಗಿ ತೆಗೆಯಲು ಹೋಗಿ ಒಡೆಯಿತು. ‘ನಿನ್ನ ಕರೆಯೋಕೆ ಬಂದಿದೀನಿ. ತವರಿಗೆ ಬಾ.’

ಎಲ್ಲದಕ್ಕೂ ಎದುರುತ್ತರ ಇಟ್ಟುಕೊಂಡಿರುವ ನಾನು ಒದ್ದೆ ಕೈಯಲ್ಲೇ ನಿಂತಿದ್ದೆ. ಅತ್ತಿಗೆ ಹಣೆಗೆ ಕುಂಕುಮ ಹಚ್ಚಿದಳು, ಮೂಗಿನ ಮೇಲೂ ಉದುರಿತು. ಒಳಗೆ ಬಂದು ಕಾಫಿ ಕುಡಿಯುವಾಗ ಅಣ್ಣ ಗೋಡೆ ನೋಡುತ್ತ, ಗಣಪತಿ ಮೆರವಣಿಗೆ ಮುಗಿಯುವ ತನಕ ಅಲ್ಲೇ ಇದ್ದುಬಿಡು ಎಂದು ಮೆಲ್ಲಗೆ ಸೇರಿಸಿದ. ಓಹೋ, ಅದಕ್ಕಾ ಕರೆಯೋಕೆ ಬಂದಿದ್ದು ಎಂದು ಕೇಳಿದೆ. ಅದಕ್ಕೂ ಅಂದ. ಹಬ್ಬಕ್ಕೆ ಬರುತ್ತೇನೆ, ಮೆರವಣಿಗೆಯ ದಿನಕ್ಕೆ ನನ್ನ ಮನೆಗೆ ವಾಪಸ್ ಬರುತ್ತೇನೆ, ಇಲ್ಲಿ ಇಬ್ಬರು ಹೆಂಗಸರು ನನ್ನ ಅಗುಳಿ ನಂಬಿಕೊಂಡಿದ್ದಾರೆ ಎಂದೆ. ಅಣ್ಣ ಲೋಟ ಕೆಳಗಿಟ್ಟ. ‘ಆಗ್ಲಿ, ಹಾಗಾದ್ರೆ ಅವತ್ತು ನಾನೂ ಇಲ್ಲಿಗೇ ಬರ್ತೀನಿ,’ ಅಂದ.

ಎರಡು ಸೀರೆ ಚೀಲಕ್ಕೆ ತುರುಕಿಕೊಂಡೆ. ವಿನೋಬನಗರ ಇಲ್ಲಿಂದ ಆಟೋದಲ್ಲಿ ಹತ್ತು ನಿಮಿಷ, ಆದರೂ ದೂರದ ಊರಿಗೆ ಹೊರಟವಳ ಹಾಗೆ ಕಿಟಕಿ ನೋಡಿದೆ, ಗ್ಯಾಸ್ ನೋಡಿದೆ, ಇನ್ನೊಮ್ಮೆ ಕಿಟಕಿ ನೋಡಿದೆ. ಬಾಗಿಲಿಗೆ ಬೀಗ ಹಾಕಿ ಜಗ್ಗಿ ನೋಡಿದೆ. ಅಣ್ಣ ನನ್ನ ಚೀಲ ಹಿಡಿದು ಮುಂದೆ ಇಳಿದ. ಕೆಳಗೆ ಹೂವಿನಾಕೆಯ ಕೈಗೆ ಬೀಗದ ಕೈ ಕೊಟ್ಟೆ, ಅವಳು ಒಂದು ಮೊಳ ಮಲ್ಲಿಗೆ ನನ್ನ ತಲೆಗೆ ಮುಡಿಸಿದಳು. ಓಣಿಯ ಬಾಯಲ್ಲಿ, ಬಾರಿನ ಮುಂದೆ ನಿಂತಿದ್ದವರಲ್ಲಿ ಒಬ್ಬ ಚೀಲ ನೋಡಿ, ಟೀಚರ್ ಊರು ಬಿಟ್ಟು ಹೊರಟ್ರಾ ಎಂದು ಕೇಳಿದ.

ನಾನು ಬಾಯಿ ತೆಗೆಯುವ ಮೊದಲೇ ಹೂವಿನಾಕೆ ಹಿಂದಿನಿಂದ ಕೂಗಿ ಹೇಳಿದಳು: ‘ಊರು ಯಾಕ್ ಬಿಡ್ತಾರೆ? ತವರಿಂದ ಕರೆಯೋಕೆ ಬಂದಿದಾರೆ, ಹಬ್ಬಕ್ಕೆ ಹೋಗ್ತಿದಾರೆ.’